ಮುಟ್ಟಿದ ಸಹಿಯ ಖಾನೆ

ಸಗರದ ಭಗವಂತರಾಯನ ಅಕ್ಷರ ಬಿತ್ತಿದ ಜೋಳದ ಸಾಲಿನಂತೆ ನೆಟ್ಟಗಿತ್ತು. ಓದಿದ್ದು ಹತ್ತನೆಯ ತರಗತಿ ಅಷ್ಟೇ. ಸುರಪುರಕ್ಕೆ ಹತ್ತಿಕೊಂಡ ರಂಗಂಪೇಟೆಯಲ್ಲಿ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಿದೆ. ಆ ಅಕ್ಷರ ನೋಡಿಯೇ ೧೯೯೪ರಲ್ಲಿ ಅಲ್ಲಿ ಅವನನ್ನು ಆವಕ-ಜಾವಕದ ಕಾರಕೂನನಾಗಿ ತೆಗೆದುಕೊಂಡರು. ಬಂದ ಕಾಗದ ಆವಕ, ಹೋದ ಕಾಗದ ಜಾವಕ. ಶಹಾಪುರದ ಶಾಲೆಗೆ ಹೋಗಲಿ, ಯಾದಗಿರಿಯ ಶಾಲೆಗೆ ಹೋಗಲಿ, ಒಂದೊಂದು ಕಾಗದವೂ ಅವನ ವಹಿಯ ಐದು ಖಾನೆ ದಾಟಿಯೇ ಹೋಗಬೇಕು. ನಂಬರು, ತಾರೀಖು, ಯಾರಿಗೆ, ಏನು ವಿಷಯ, ಕಡೆಗೆ ಮುಟ್ಟಿದ ಸಹಿ.

ಆ ಐದನೆಯ ಖಾನೆಯಲ್ಲಿ ಅವನ ಜೀವವಿತ್ತು. ಜವಾನ ಸುಲ್ತಾನಸಾಬ ಕಾಗದ ಒಯ್ದು, ತೆಗೆದುಕೊಂಡವರ ಸಹಿ ಹಾಕಿಸಿಕೊಂಡು ಬರುವ ತನಕ ಆ ಕಾಗದ ಅವನ ಮಟ್ಟಿಗೆ ಇನ್ನೂ ದಾರಿಯಲ್ಲೇ ಇದ್ದಂತೆ. ನಾವು ಕೊಟ್ಟೆ ಅಂದರೆ ಕೊಟ್ಟಂತಲ್ಲ, ತೆಗೆದುಕೊಂಡವರು ಇಸಗೊಂಡೆ ಅಂದರೆ ಕೊಟ್ಟಂತೆ ಎಂದು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದ. ಮೂವತ್ತು ವರ್ಷ ಕಾಗದದ ಮಾತು ಬಂದರೆ ಕಚೇರಿಯ ಕುತ್ತಿಗೆಗಳೆಲ್ಲ ಅವನ ಮೇಜಿನ ಕಡೆಗೇ ಹೊರಳುತ್ತಿದ್ದವು.

ಕವಿತಾ ಬಂದ ಮೇಲೆ ಕುತ್ತಿಗೆಗಳು ಬೇರೆ ಕಡೆ ಹೊರಳಿದವು. ಕುರಿ ಸಾಕುವ ಮನೆತನದ ಹುಡುಗಿ, ಯಾದಗಿರಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದವಳು. ಸಂಸ್ಥೆ ತನ್ನದೇ ಮೇಲ್ ಸರ್ವರ್ ಇಟ್ಟುಕೊಂಡಿತು, ಅದನ್ನು ನೋಡಿಕೊಳ್ಳುವ ಕೆಲಸ ಅವಳಿಗೆ ಬಂತು. ಸರ್ವರ್ ಇಡಲು ಭಗವಂತರಾಯನ ಅಲಮಾರಿಯ ಜಾಗವೇ ಬೇಕಾಯಿತು. ಮೂವತ್ತು ವರ್ಷದ ವಹಿಗಳು ಅಲಮಾರಿ ಸಮೇತ ಪಡಸಾಲೆಗೆ, ನೀರಿನ ಕೊಡದ ಪಕ್ಕಕ್ಕೆ ಹೋದವು. ಸರ್ವರಿನ ಆ ಪೆಟ್ಟಿಗೆಗೆ ತಂಪು ಗಾಳಿಯ ಯಂತ್ರವನ್ನೂ ಹಾಕಿಸಿದರು. ಏಪ್ರಿಲ್ ಬಿಸಿಲಿನಲ್ಲಿ ತನಗೊಂದು ಫ್ಯಾನು ಕೇಳಿ ಮೂರು ಅರ್ಜಿ ಬರೆದಿದ್ದು ಅವನಿಗೆ ನೆನಪಾಯಿತು. ಮೂರಕ್ಕೂ ಜಾವಕ ನಂಬರು ಇದ್ದವು.

ಅಂದಿನಿಂದ ಅವನ ಹೊಟ್ಟೆಯಲ್ಲಿ ಹಸಿ ಮೆಣಸಿನಕಾಯಿ ಅರೆದ ಹಾಗೆ. ಯಾರು ಅವಳ ಕೋಣೆಗೆ ಹೋದರು, ಎಷ್ಟು ಹೊತ್ತು ಕೂತರು, ನಗುತ್ತಾ ಬಂದರೋ ಸುಮ್ಮನೆ ಬಂದರೋ, ಎಲ್ಲವೂ ಅವನ ಮನಸ್ಸಿನ ವಹಿಯಲ್ಲಿ ದಾಖಲಾಗುತ್ತಿತ್ತು. ಮನೆಯಲ್ಲಿ ಊಟದ ತಟ್ಟೆ ಮುಂದೆಯೂ ಅದೇ ಮಾತು. ಹೆಂಡತಿ ರೇಣಮ್ಮ ಒಂದು ದಿನ ಒಲೆಯ ಮುಂದಿನಿಂದಲೇ ಅಂದಳು: "ನಿಮ್ಮ ಹೊಟ್ಟಿ ಉರಿ ಮ್ಯಾಲ ರೊಟ್ಟಿ ಬೇಯ್ಸಿದ್ರ ನನಗ ಕಟ್ಟಗಿರೆ ಉಳೀತಿದ್ವು."

ಹೀಗಿರುವಾಗ ಕವಿತಾಳೇ ಅವನ ಮೇಜಿನ ಹತ್ತಿರ ಬಂದಳು. ಸರ್ವರ್ ತಾನು ಮಾಡಿದ್ದನ್ನು ತಾನೇ ಬರೆದಿಡುತ್ತದೆ, ಅದಕ್ಕೆ ಲಾಗ್ ಅನ್ನುತ್ತಾರೆ, ಆದರೆ ಏನೇನು ಬರೆಯಬೇಕು ಅನ್ನುವುದನ್ನು ನಾವು ಟಿಕ್ ಹಾಕಿ ಹೇಳಬೇಕು ಎಂದು ತಿಳಿಸಿದಳು. ಎಲ್ಲದಕ್ಕೂ ಟಿಕ್ ಹಾಕಿದರೆ ಹತ್ತಿ ತುರುಕಿದ ಅಂಡಿಗೆ ಚೀಲದಂತೆ ಲಾಗ್ ಉಬ್ಬಿ ಜಾಗವೇ ಸಾಲದು. ಬೇಕಾದಷ್ಟೇ ಬರೆಸಬೇಕು. "ನೀವು ಇಷ್ಟು ವರ್ಷ ಬರದೀರಿ ಕಾಕಾ. ಒಂದ ಕಾಗದಕ್ಕ ಏನೇನ ಬರಕೋಬೇಕು, ತೋರಸ್ರಿ" ಅಂದಳು.

ಕೇಳಿದ್ದು ಗೌರವದಿಂದಲೇ. ಆದರೆ ಅವನಿಗೆ ಕೇಳಿಸಿದ್ದು ಬೇರೆ. ಜಾಗ ಹೋಯಿತು, ಈಗ ವಿದ್ಯೆಯನ್ನೂ ಒಯ್ಯಲು ಬಂದಳು ಅನ್ನಿಸಿತು. ವಹಿ ಬಿಚ್ಚಿ ಅವಳ ಕಡೆ ತಿರುಗಿಸಿದ. ತಿರುಗಿಸುವಾಗ ಎಡಗೈಯನ್ನು ಪುಟದ ಬಲಗಡೆಯ ಅಂಚಿನ ಮೇಲೆ ಅಗಲವಾಗಿ ಇಟ್ಟ. ನಾಲ್ಕು ಖಾನೆ ಕಂಡವು. ಅವಳು ನಾಲ್ಕನ್ನೂ ಬರೆದುಕೊಂಡು, ಕೈಮುಗಿದು ಹೋದಳು. ಅಂಗೈ ಎತ್ತಿದಾಗ ಅದಕ್ಕೆ ಶಾಯಿ ಹತ್ತಿತ್ತು. ಆಗಷ್ಟೇ ಕಚೇರಿಗೆ ಬಂದು ಕಾಗದ ಒಯ್ದಿದ್ದ ಯಾದಗಿರಿಯ ಹೆಡ್‌ಮಾಸ್ತರರ ಹಸಿ ಸಹಿ ಅಳಿಸಿ ಹೋಗಿತ್ತು.

ಎರಡು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಅದನ್ನೂ ಅವನಿಂದ ಸಹಿಸಲಾಗಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಸಂಸ್ಥೆಯ ಕಾರ್ಯದರ್ಶಿ ಚಂದ್ರಾಮಪ್ಪ ಸಾಹೇಬರು ಕೆಂಡದಂತಾಗಿ ಬಂದರು. ಶಹಾಪುರದ ಶಾಲೆಯಲ್ಲಿ ಹತ್ತನೆಯ ತರಗತಿಯ ಹನ್ನೊಂದು ಮಕ್ಕಳ ಹೆಸರು ಪರೀಕ್ಷೆಯ ಯಾದಿಯಲ್ಲಿ ತಪ್ಪಾಗಿದ್ದವು. ತಿದ್ದಿ ಕಳಿಸಲು ಸೋಮವಾರವೇ ಕಡೆಯ ದಿನ. ತಿದ್ದಲು ಹೇಳಿ ವಾರದ ಹಿಂದೆಯೇ ಮೇಲ್ ಕಳಿಸಿದ್ದೇನೆ ಎಂದು ಕವಿತಾ, ಏನೂ ಬಂದಿಲ್ಲ ಎಂದು ಶಹಾಪುರದ ಹೆಡ್‌ಮಾಸ್ತರ ಮಲ್ಕಪ್ಪ. ಸಾಹೇಬರು ಲಾಗ್ ತೆಗೆಸಿದರು. ನಂಬರು, ತಾರೀಖು, ಯಾರಿಗೆ, ವಿಷಯ, ನಾಲ್ಕೂ ಇದ್ದವು. ಮುಟ್ಟಿತೋ ಇಲ್ಲವೋ ಎಂಬುದಕ್ಕೆ ಒಂದು ಅಕ್ಷರವೂ ಇರಲಿಲ್ಲ.

"ಕಳಿಸೀನಿ ಅಂತ ನೀ ಬರದಿ. ಇಸಗೊಂಡೀನಿ ಅಂತ ಯಾರ ಬರದಾರ?" ಎಂದರು ಸಾಹೇಬರು. ಸೋಮವಾರದಿಂದ ಕೆಲಸಕ್ಕೆ ಬರುವುದು ಬೇಡ ಎಂದೂ ಹೇಳಿದರು.

ಭಗವಂತರಾಯ ಬಾಗಿಲಲ್ಲಿ ನಿಂತಿದ್ದ. ತನ್ನ ಮಾತನ್ನೇ ಸಾಹೇಬರು ಆಡಿದ್ದರು. ಬಯಸಿದ ಹಾಲು ಬಾಯಿಯ ತನಕ ಬಂದಿತ್ತು, ಆದರೆ ಒಡೆದ ಹಾಲು. ಕವಿತಾ ಅಳಲಿಲ್ಲ. ತಾನು ಬರೆದುಕೊಂಡಿದ್ದ ಚೀಟಿ ತೆಗೆದು ನಾಲ್ಕು ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು, ಎಲ್ಲಿ ತಪ್ಪಿದೆ ಎಂದು ತನ್ನಲ್ಲೇ ಹುಡುಕುತ್ತಿದ್ದಳು. ಅವನ ಕಡೆ ಸಂಶಯದಿಂದ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ ಅವನು ಸುಮ್ಮನಿದ್ದುಬಿಡುತ್ತಿದ್ದನೋ ಏನೋ.

"ಸಾಹೇಬ್ರ, ಈಕಿ ನನ್ನ ಕೇಳಾಕ ಬಂದಿದ್ಳು. ನಾ ಐದನೇ ಖಾನಿ ಕೈಲೆ ಮುಚ್ಚಿ ನಾಕ ತೋರ್ಸೀನ್ರಿ."

"ಯಾಕ?"

ಬೇರೆ ಶಬ್ದ ಹುಡುಕಿದ, ಸಿಗಲಿಲ್ಲ. "ಹೊಟ್ಟಿಕಿಚ್ಚರಿ" ಅಂದ.

ಪಡಸಾಲೆಗೆ ಹೋಗಿ ವಹಿ ತಂದು ಕವಿತಾಳ ಮುಂದೆ ಪೂರ್ತಿ ಬಿಚ್ಚಿಟ್ಟ. ಅವಳು ಒಂದು ಗಳಿಗೆ ಆ ಖಾನೆ ನೋಡಿದಳು, ಆಮೇಲೆ ಸರ್ವರಿನ ಪರದೆಯ ಮೇಲೆ ತಾನು ಬಿಟ್ಟಿದ್ದ ಒಂದು ಚೌಕಕ್ಕೆ ಟಿಕ್ ಹಾಕಿದಳು. ಕಾಗದ ತೆಗೆದುಕೊಳ್ಳುವ ಆ ಕಡೆಯ ಸರ್ವರ್ ಏನು ಉತ್ತರ ಕೊಡುತ್ತದೋ ಅದನ್ನೂ ನಮ್ಮ ಲಾಗ್ ಇನ್ನು ಮೇಲೆ ಬರೆದುಕೊಳ್ಳುತ್ತದೆ ಎಂದಳು. ಅದೇ ಕಾಗದವನ್ನು ಮತ್ತೆ ಕಳಿಸಿದಳು. ಲಾಗಿನಲ್ಲಿ ಸಾಲುಗಳು ಬಿದ್ದವು. ಕೊನೆಯದರಲ್ಲಿ, ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಆ ಕಡೆಯ ಸರ್ವರ್ ಕಾಗದ ಇಸಗೊಂಡಿತು ಎಂದಿತ್ತು.

ಸಾಹೇಬರು ಫೋನು ಹಚ್ಚಿದರು. ಬಂದಿಲ್ಲ ಎಂದು ಮಲ್ಕಪ್ಪ ಹೇಳಿದ. ಹನ್ನೊಂದು ನಲವತ್ತೆರಡಕ್ಕೆ ನಿಮ್ಮ ಕಡೆ ಇಸಗೊಂಡಿದ್ದಾರೆ, ಎಲ್ಲ ಕಡೆ ನೋಡಿರಿ ಎಂದರು ಸಾಹೇಬರು. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯ ದನಿ ಮೆತ್ತಗಾಯಿತು. ಸ್ಪ್ಯಾಮಿನಲ್ಲಿ, ಕಸದ ಕಾಗದಗಳ ನಡುವೆ ಅದು ಬಿದ್ದಿತ್ತು. ಅದರ ಕೆಳಗೇ ವಾರದ ಹಿಂದಿನದೂ ಇತ್ತು.

ಮಕ್ಕಳ ಹೆಸರು ತಿದ್ದಲು ಇನ್ನೂ ಎರಡು ದಿನವಿತ್ತು. ಕವಿತಾ ಕೆಲಸಕ್ಕೆ ಬರುವುದು ಬೇಡ ಎಂದಿದ್ದನ್ನು ಸಾಹೇಬರು ಹಿಂದಕ್ಕೆ ತೆಗೆದುಕೊಂಡರು. ಭಗವಂತರಾಯನನ್ನು ಬರೀ ನೋಡಿ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು. ಸುಲ್ತಾನಸಾಬ ಸೈಕಲ್ ತುಳಿದು ಸಹಿ ತರಲು ಅರ್ಧ ದಿನ ಬೇಕಿತ್ತು. ಆ ಪೆಟ್ಟಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತಂದಿತ್ತು. ಅದನ್ನು ಕಣ್ಣಾರೆ ಕಂಡ ಮೇಲೆ ಅವನ ಎದೆಯಲ್ಲಿ ಮತ್ತೆ ಕಾರ ಏರಿತು.

ಕವಿತಾ ಇನ್ನೂ ಪರದೆಯ ಮುಂದೆಯೇ ಇದ್ದಳು. ಬರೆದದ್ದನ್ನು ಎಷ್ಟು ದಿನ ಇಡಬೇಕು ಎಂದು ಸರ್ವರ್ ಕೇಳುತ್ತಿದೆ, ದಿನ ಮುಗಿದ ಮೇಲೆ ತಾನೇ ಅಳಿಸಿಬಿಡುತ್ತದೆ ಎಂದಳು. "ಎಷ್ಟ ದಿನ ಇಡಮು ಕಾಕಾ?"

ಇಪ್ಪತ್ತು ದಿನ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಸರ್ವರ್ ಬರೆದದ್ದು ಅಳಿಸಿ ಹೋದರೆ ಕಚೇರಿಯಲ್ಲಿ ಉಳಿಯುವ ದಾಖಲೆ ಅವನ ಮೂವತ್ತು ವರ್ಷದ ವಹಿಗಳು ಮಾತ್ರ. ಬಾಗಿಲಿನಿಂದ ಪಡಸಾಲೆಯ ಅಲಮಾರಿ ಕಾಣುತ್ತಿತ್ತು. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ.

"ಅಳಿಸಬ್ಯಾಡವಾ. ತುಂಬಿದ್ರ ಬ್ಯಾರೆ ಕಡೆ ತಗದಿಡು. ತೊಂಬತ್ತನಾಕರ ವಹಿ ನಾ ಇನ್ನೂ ಇಟ್ಟೀನಿ."

ಅವಳು ಹಾಗೆಯೇ ಮಾಡಿದಳು. ಹೊರಗೆ ಬಂದಾಗ ಸುಲ್ತಾನಸಾಬ ಕೊಡದಿಂದ ನೀರು ತುಂಬಿ ಕೈಗೆ ಕೊಟ್ಟ. "ರಾಯರ, ಈಗ ಉರಿ ಆರಿತೇನ್ರಿ?"

ಭಗವಂತರಾಯ ನೀರು ಪೂರ್ತಿ ಕುಡಿದು ಲೋಟ ಮರಳಿ ಕೊಟ್ಟ. "ಆರಿಲ್ಲೋ. ಆದ್ರ ಖಾನಿ ಮ್ಯಾಲಿನ ಕೈ ಸರದಾದ" ಅಂದ.