ಹೋರಿ ಇಲ್ಲದ ಹೊಲ

ಮ್ಯಾಲಕಿ ಟ್ಯಾನ್ಸಿ ಮೂವತ್ತೆಂಟು ವರ್ಷ ಕಿಲ್‌ಬ್ರೆನನ್ ಎಂಬ ಊರಿನ ಸುತ್ತಿನ ಮನೆಗಳಿಗೆ ಅಂಚೆ ಹಂಚಿದವನು. ಯಾರ ಮನೆಗೆ ಅಮೆರಿಕದಿಂದ ಕಾಗದ ಬರುತ್ತದೆ, ಯಾರ ಮನೆಗೆ ಬರುವುದು ನಿಂತಿದೆ, ಯಾವ ಹೆಂಗಸು ಬಾಗಿಲಲ್ಲೇ ಒಡೆದು ಓದುತ್ತಾಳೆ, ಎಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಬಾಯಿ ಬಿಟ್ಟವನಲ್ಲ. ಅಂಥವನು ನಿವೃತ್ತಿಯಾದ ಮೇಲೆ ಅದೇ ದಾರಿಗಳಲ್ಲಿ ಪ್ರವಾಸಿಗರನ್ನು ಕರೆದುಕೊಂಡು ಹೋಗಿ ದೆವ್ವದ ಕಥೆ ಹೇಳತೊಡಗಿದಾಗ ಪಬ್ಬಿನಲ್ಲಿ ಕೂತವರು ಬಿಡುತ್ತಾರೆಯೇ?

"ಇಷ್ಟು ದಿನ ಬದುಕಿದ್ದೋರ ಕಾಗದ ಹಂಚ್ದ, ಈಗ ಸತ್ತೋರದ್ದು ಹಂಚ್ತಾನೆ."

"ಸತ್ತೋರು ಬೈಯಲ್ಲ ನೋಡು, ತಡವಾಯ್ತು ಅಂತ!"

ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಅಟ್ರಾಕ್ಟಾ ಕ್ರಯನ್‌ಳ ಚಹಾ ಅಂಗಡಿಯ ಮುಂದೆ ಜನ ಸೇರುತ್ತಿದ್ದರು. ಜೂನ್ ತಿಂಗಳಲ್ಲಿ ಅಲ್ಲಿ ಹತ್ತು ಗಂಟೆಯವರೆಗೂ ಬೆಳಕು. ಕತ್ತಲಾಗಲೆಂದು ಕಾದರೆ ಬಂದವರಿಗೆ ಬಸ್ಸು ತಪ್ಪುತ್ತದೆ, ಹಾಗಾಗಿ ಕಿಲ್‌ಬ್ರೆನನ್ನಿನ ದೆವ್ವಗಳು ಬಿಸಿಲಿನಲ್ಲೇ ಕೆಲಸ ಮಾಡಬೇಕಿತ್ತು. ಹೊರಡುವ ಮೊದಲು ಅಟ್ರಾಕ್ಟಾ ಒಬ್ಬೊಬ್ಬರ ಜೇಬಿಗೂ ಒಂದು ತುಂಡು ಸೋಡಾ ರೊಟ್ಟಿ ಹಾಕುತ್ತಿದ್ದಳು. ಬರಗಾಲದಲ್ಲಿ ಜನ ಬಿದ್ದು ಸತ್ತ ಕಡೆ ಬೆಳೆದ ಹುಲ್ಲನ್ನು ತುಳಿದರೆ ಪ್ರಾಣ ಹೋಗುವಂಥ ಹಸಿವು ಹಿಡಿಯುತ್ತದೆ, ಆಗ ಒಂದು ತುತ್ತಾದರೂ ಬಾಯಿಗೆ ಬೀಳಬೇಕು ಎಂಬುದು ಊರಿನ ನಂಬಿಕೆ. ಜರ್ಮನಿಯವರು ಮೊದಲನೇ ಗೇಟು ದಾಟುವಷ್ಟರಲ್ಲೇ ಅದನ್ನು ತಿಂದು ಮುಗಿಸಿರುತ್ತಿದ್ದರು.

ಮ್ಯಾಲಕಿಯದು ಒಂದೇ ಕಟ್ಟುಪಾಡು. ಸತ್ತವರ ಮನೆಯವರು ಊರಲ್ಲಿ ಬದುಕಿದ್ದರೆ ಆ ದೆವ್ವದ ಕಥೆಯನ್ನು ಮುಟ್ಟಬಾರದು. ತಲೆಯಿಲ್ಲದ ಸಾರೋಟಿನವನು, ಇಸ್ಪೀಟಾಡುವ ಕ್ಯಾಪ್ಟನ್, ಬಾವಿಗೆ ಬಿದ್ದ ಮದುಮಗಳು, ಯಾರಿಗೂ ಹಿಂದುಮುಂದಿಲ್ಲ. ಅವರನ್ನು ಅವನು ಬೇಕಾದಂತೆ ಕುಣಿಸುತ್ತಿದ್ದ.

ದಾರಿಯ ಕೊನೆಗೆ ಹಾಥಾರ್ನ್ ಮುಳ್ಳುಮರವಿದ್ದ ಒಂದು ಹೊಲ. ಅದರ ಗೇಟಿಗೆ 'ಹೋರಿ ಇದೆ, ಎಚ್ಚರ' ಎಂಬ ಹಲಗೆ. ಅಲ್ಲಿ ಹೋರಿಯಿರಲಿ, ಒಂದು ಕರುವೂ ಇರಲಿಲ್ಲ. ಹಲಗೆ ಬರೆದು ತಗುಲಿಹಾಕಿದ್ದವನು ಮ್ಯಾಲಕಿಯೇ. ಹೊಲ ಅಟ್ರಾಕ್ಟಾಳ ಗಂಡನದು, ಬದುಕಿದ್ದಾಗ ಅವನು ಯಾಕೆಂದು ಕೇಳದೆ ಸುತ್ತಿಗೆ ತಂದುಕೊಟ್ಟಿದ್ದ. ಕೇಳುವುದೇನಿತ್ತು? ಅದು ಕಿಲ್ಲೀನ್ ಎಂದು ಊರಿಗೆಲ್ಲ ಗೊತ್ತು. ದೀಕ್ಷಾಸ್ನಾನವಾಗುವ ಮೊದಲೇ ಸತ್ತ ಕೂಸುಗಳಿಗೆ ಚರ್ಚಿನ ಮಣ್ಣಿನಲ್ಲಿ ಜಾಗ ಕೊಡದಿದ್ದ ಕಾಲದಲ್ಲಿ ಅಪ್ಪಂದಿರು ಅಲ್ಲಿ ಗುಂಡಿ ತೋಡಿ, ಹೊಳೆಯಿಂದ ತಂದ ಒಂದು ಬಿಳಿ ಕಲ್ಲಿಟ್ಟು ಬರುತ್ತಿದ್ದರು. ಹೆಸರಿಲ್ಲ, ಶಿಲುಬೆಯಿಲ್ಲ. ಸುಮಾರು ನಲವತ್ತು ಕಲ್ಲುಗಳು. ಆ ಹೊಲದ ಮಾತು ಬಂದರೆ ಜನ ಹವಾಮಾನದ ಮಾತಿಗೆ ತಿರುಗುತ್ತಿದ್ದರು.

ಕಳೆದ ಚಳಿಗಾಲದಲ್ಲಿ, ಸೊಂಟದ ಆಪರೇಷನ್ನಿಗೆ ಹೋಗುವ ಮುಂಚಿನ ಮಧ್ಯಾಹ್ನ, ಮ್ಯಾಲಕಿ ಅಟ್ರಾಕ್ಟಾಳ ಅಡುಗೆಮನೆಯಲ್ಲಿ ಕೂತಿದ್ದ. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚು. ಅರಿವಳಿಕೆಯ ಹೆದರಿಕೆಯೋ ಏನೋ, ಎಂದೂ ಆಡದ ಮಾತು ಬಾಯಿಗೆ ಬಂತು. ತನಗೆ ಆರು ವರ್ಷವಿದ್ದಾಗ ತಮ್ಮ ಹುಟ್ಟಿದ್ದು, ಒಂದು ಗಂಟೆ ಬದುಕಿದ್ದು. ಅಪ್ಪ ಬೂಟಿನ ಪೆಟ್ಟಿಗೆಯನ್ನು ಕೋಟಿನೊಳಗೆ ಅಪ್ಪಿಕೊಂಡು ನಡೆದದ್ದು, ಹಿಂದೆ ತಾನು ಕಲ್ಲು ಹೊತ್ತದ್ದು. ತುಕ್ಕಿನ ಬಣ್ಣದ ಗೆರೆಯಿದ್ದ ಕಲ್ಲು. ಅಮ್ಮ ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಅಪ್ಪ ಸಾಯುವವರೆಗೂ ಆ ಮಾತೆತ್ತಲಿಲ್ಲ. ಸತ್ತ ಮಾರನೇ ವಾರ ಅಮ್ಮ ಕೇಳಿದ್ದು ಒಂದೇ, "ಎಲ್ಲಿಟ್ರಿ ನನ್ ಕಂದನ್ನ?" ಅವನು ಕೈಹಿಡಿದು ಕರೆದೊಯ್ದು ತೋರಿಸಿದ್ದ. ಅಮ್ಮ ಮಂಡಿಯೂರಿ ಆ ಕಲ್ಲಿನ ಮೇಲೆ ಅಂಗೈ ಇಟ್ಟಿದ್ದಳು. ಅವಳಿಗೆ ಮಾತು ಕೊಟ್ಟಿದ್ದ, ನಾನಿರುವವರೆಗೂ ಸತ್ತವರನ್ನು ನೆನೆಯುವ ಪ್ರತಿ ನವೆಂಬರಿನಲ್ಲಿ ಬರುತ್ತೇನೆ, ಅವನನ್ನು ಒಂಟಿ ಮಾಡುವುದಿಲ್ಲ ಎಂದು.

"ಇದು ಈ ಗೋಡೆ ದಾಟಬಾರ್ದು ಕಣೇ."

"ನನ್ನ ಏನಂದ್ಕೊಂಡೆ ಮಾರಾಯ? ಟಾಂ ಟಾಂ ಹೊಡೀತೀನಾ? ಚಹಾ ಕುಡಿ, ಆರ್ತಿದೆ."

ಆಪರೇಷನ್ ಆಗಿ, ಸೋಂಕು ತಗುಲಿ, ಮ್ಯಾಲಕಿ ಮನೆಗೆ ಬಂದು ಕೋಲು ಹಿಡಿದು ನಿಲ್ಲುವಷ್ಟರಲ್ಲಿ ಜೂನ್ ಬಂದಿತ್ತು. ಅಟ್ರಾಕ್ಟಾಳೇ ಜನರನ್ನು ಕರೆದೊಯ್ಯುತ್ತಿದ್ದಾಳೆಂದು ಕೇಳಿ ಅವನಿಗೆ ಹೆಮ್ಮೆಯಾಗಿತ್ತು. ಒಂದು ಶುಕ್ರವಾರ ಹೇಳದೆ ಕೇಳದೆ ಹೋಗಿ ಗುಂಪಿನ ಬಾಲಕ್ಕೆ ಸೇರಿಕೊಂಡ. ಇಪ್ಪತ್ತೈದು ಜನರಿದ್ದರು, ಅವನ ಕಾಲದಲ್ಲಿ ಹತ್ತು ದಾಟಿದ್ದೇ ಅಪರೂಪ. ಅವಳು ಸಾರೋಟಿನವನನ್ನು ಓಡಿಸಿದ ಚಂದಕ್ಕೆ ಅವನೂ ನಕ್ಕ. ಕೊನೆಯ ತಿರುವು ದಾಟಿದಾಗ ನಗು ನಿಂತಿತು. ಗೇಟಿನಲ್ಲಿ ಹಲಗೆ ಇರಲಿಲ್ಲ. ಗೇಟು ತೆರೆದೇ ಇತ್ತು.

ಹುಲ್ಲನ್ನು ನುಣ್ಣಗೆ ಕತ್ತರಿಸಿದ್ದರು. ಅಲ್ಲಲ್ಲಿ ಗುರುತಿಗಿಟ್ಟಿದ್ದ ನಲವತ್ತು ಕಲ್ಲುಗಳೂ ಮುಳ್ಳುಮರದ ಬುಡದಲ್ಲಿ ಒಂದು ದುಂಡನೆಯ ರಾಶಿಯಾಗಿದ್ದವು.

"ಒಬ್ಬೊಬ್ರೂ ಒಂದೊಂದು ಕಲ್ಲು ಎತ್ಕೊಳ್ಳಿ," ಅಟ್ರಾಕ್ಟಾ ದನಿ ತಗ್ಗಿಸಿ ಹೇಳಿದಳು. "ಎದೆಗೆ ಒತ್ತಿ ಹಿಡ್ಕೊಳ್ಳಿ. ಈಗ ಕೇಳಿ. ಈ ಊರಲ್ಲಿ ಒಬ್ಬ ಅಪ್ಪ ಇದ್ದ. ಬೂಟಿನ ಪೆಟ್ಟಿಗೆ ಕೋಟಿನೊಳಗೆ ಇಟ್ಕೊಂಡು ಇದೇ ದಾರೀಲಿ ಬಂದ. ಹಿಂದೆ ಆರು ವರ್ಷದ ಮಗ..."

ಹೆಸರು ಹೇಳಲಿಲ್ಲ, ಅಷ್ಟು ಪುಣ್ಯ. ಆದರೆ ಅಮ್ಮನ ಮಾತನ್ನು ಅಮ್ಮನ ದನಿಯಲ್ಲೇ ಹೇಳಿದಳು. "ಎಲ್ಲಿಟ್ರಿ ನನ್ ಕಂದನ್ನ?" ಗಾಳಿ ಬೀಸಿದಾಗ ಇಲ್ಲೊಂದು ಕೂಸು ಅಳುತ್ತದೆ ಎಂದೂ ಸೇರಿಸಿದಳು. ಒಬ್ಬ ಹೆಂಗಸು ಬಿಕ್ಕಿದಳು. ಒಬ್ಬ ಗಂಡಸು ಫೋಟೋ ಹಿಡಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕಥೆ ಮುಗಿದು, ಎಲ್ಲರೂ ಕಲ್ಲುಗಳನ್ನು ರಾಶಿಗೆ ಹಾಕಿ ಚಹಾದ ಕಡೆ ಹೊರಟಾಗ ಅಟ್ರಾಕ್ಟಾ ಅವನನ್ನು ಕಂಡಳು. ಮುಖ ಕೆಂಪೇರಿತು. ಆದರೂ ಎದುರು ಬಂದು ನಿಂತಳು.

"ಬಂದ್ಯಾ? ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ? ಬೇರೆ ಕಥೆ ಹೇಳ್ತಿದ್ಯಾ?"

"ನಾಚ್ಕೊಳ್ಳೋದಕ್ಕೆ ಏನಿದೆ ಈಗ? ಪಾದ್ರಿಗಳೇ ಬಂದು ಪ್ರಾರ್ಥನೆ ಮಾಡಿ ಹೋದ್ರು. ಬಂದೋರೆಲ್ಲ ಕಣ್ಣೀರು ಹಾಕ್ತಾರೆ, ಮ್ಯಾಲಕಿ. ಅರವತ್ತು ವರ್ಷ ಯಾರೂ ಅಳದೆ ಇದ್ದ ಮಗೂಗೆ ಅಳ್ತಾರೆ."

"ನಮ್ಮಮ್ಮ ಅತ್ತಿಲ್ವೇನೇ?"

ಅವಳಿಗೂ ಸಿಟ್ಟು ಬಂತು.

"ನೀನೇನ್ ಸಾಚಾನಾ? ಹನ್ನೊಂದು ವರ್ಷ ಬಾವಿಗೆ ಬಿದ್ದ ಹುಡುಗೀನ ಕುಣಿಸ್ದೆ. ಅವಳಿಗೆ ಅಮ್ಮ ಇರ್ಲಿಲ್ವಾ? ನಿಮ್ಮನೇದು ಅಂದ್ರೆ ಮಾತ್ರ ಹೋರಿ ಹಲಗೆ!"

ಆ ಮಾತು ನೇರ ಎದೆಗೆ ತಾಗಿತು, ಯಾಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಬಾವಿಯ ಹುಡುಗಿಯ ಕಥೆಯನ್ನು ಅವನಿಗೆ ಯಾರೂ ಕೈಹಿಡಿದು ನಂಬಿ ಹೇಳಿರಲಿಲ್ಲ. ಕೋಲನ್ನು ಮರಕ್ಕೆ ಒರಗಿಸಿ, ನೋಯುವ ಸೊಂಟವನ್ನು ಹೇಗೋ ಬಗ್ಗಿಸಿ, ರಾಶಿಯ ಪಕ್ಕ ಕುಳಿತ. ಒಂದೊಂದೇ ಕಲ್ಲನ್ನು ತಿರುಗಿಸಿ ನೋಡತೊಡಗಿದ. ಕೈಯಿಂದ ಕೈಗೆ ಹೋಗಿ ಎಲ್ಲ ಒಂದೇ ತೆರನಾಗಿದ್ದವು, ಯಾರದೋ ಅಂಗೈಯ ಬಿಸಿ ಕೆಲವಕ್ಕೆ ಇನ್ನೂ ಇತ್ತು. ಇಪ್ಪತ್ತೊಂಬತ್ತನೆಯದಕ್ಕೆ ತುಕ್ಕಿನ ಗೆರೆಯಿತ್ತು.

ಕಲ್ಲು ಹಿಡಿದು ಎದ್ದು ನಿಂತ. ಮುಳ್ಳುಮರದಿಂದ ಹೊಳೆಯ ಕಡೆಗೆ ಎರಡು ಹೆಜ್ಜೆ ಇಟ್ಟ, ನಿಂತ, ಎಡಕ್ಕೆ ತಿರುಗಿದ. ಮತ್ತೆ ಮರದ ಬಳಿಗೆ ಬಂದು ಇನ್ನೊಂದು ಕಡೆಯಿಂದ ನಡೆದ. ಇಷ್ಟು ವರ್ಷ ಅವನು ಹೆಜ್ಜೆ ಎಣಿಸಿರಲಿಲ್ಲ. ಕಲ್ಲಿತ್ತಲ್ಲ, ಅಳತೆ ಯಾಕೆ? ಕತ್ತರಿಸಿದ ಹುಲ್ಲು ಎಲ್ಲ ಕಡೆಯೂ ಒಂದೇ ಸಮ ಇತ್ತು. ಎಲ್ಲಿ ಕಾಲಿಟ್ಟರೂ ಯಾವುದೋ ಕೂಸಿನ ಮೇಲೆ ಇಟ್ಟಂತೆ ಅನ್ನಿಸಿ ಹೆಜ್ಜೆ ಹಿಂದಕ್ಕೆ ತೆಗೆದ.

ಅಟ್ರಾಕ್ಟಾ ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ನಿಜಕ್ಕೂ ಮರುಕ ಬಂದಿತ್ತು.

"ಎಲ್ಲಾದ್ರೂ ಇಡು ಕಣೋ," ಎಂದು ಮೆಲ್ಲಗೆ ಹೇಳಿದಳು. "ಎಲ್ಲಾ ಒಂದೇ ಹೊಲ ತಾನೇ?"

ಮ್ಯಾಲಕಿ ಅವಳ ಮುಖ ನೋಡಲಿಲ್ಲ. ಕೋಟಿನ ಗುಂಡಿ ಬಿಚ್ಚಿ ಕಲ್ಲನ್ನು ಒಳಗಿಟ್ಟುಕೊಂಡ, ಮೇಲೆ ಒಂದು ಕೈ ಅಡ್ಡ ಹಿಡಿದ. ಚಹಾ ಅಂಗಡಿಯ ಮುಂದೆ ರೊಟ್ಟಿ ತಿನ್ನುತ್ತ ನಿಂತವರ ನಡುವೆಯೇ, ತನ್ನ ಅಪ್ಪ ಹೊಲಕ್ಕೆ ನಡೆದು ಹೋದ ದಾರಿಯಲ್ಲಿ, ಎದುರು ದಿಕ್ಕಿಗೆ, ಮನೆಯತ್ತ ನಡೆದ.