ಜೂನ್ ಒಂದರ ಮನಿಯಾರ್ಡರ್

ಹುಟ್ಟಿದ ದಿನ ದೀಪ ಆರಿಸುವುದನ್ನು ನಾನು ಮೊದಲು ಕಂಡದ್ದು ಬೆಂಗಳೂರಿನ ಬಸವೇಶ್ವರನಗರದಲ್ಲಿ. ನಾವು ಹಿಂದಿನ ಪೋರ್ಶನ್ನಿಗೆ ಬಾಡಿಗೆಗೆ ಬಂದ ವಾರವೇ ಮನೆ ಒಡತಿ ಕಮಲಮ್ಮ ಮಗಳ ಬರ್ತ್‌ಡೇಗೆ ಕರೆದರು. ಹುಡುಗಿ ಮೇಣದಬತ್ತಿ ಊದಿ ಆರಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು “ಅಯ್ಯ ಶಿವನೇ” ಅಂದುಬಿಟ್ಟೆ. ಆಮೇಲೆ ಒಬ್ಬೊಬ್ಬರೂ ಮಗುವಿನ ಕೈಗೆ ದುಡ್ಡಿನ ಕವರು ಇಟ್ಟರು. ಇಲ್ಲಿ ಅದು ಮುಯ್ಯಿ. ಬಾಗಲಕೋಟೆ ಕಡೆಯ ನಮಗೆ ಆಯೇರ, ಅದೂ ಮದುವೆಗೋ ತೊಟ್ಟಿಲಿಗೋ ಮಾತ್ರ. ಹುಟ್ಟಿದ ದಿನ ಯಾವುದೆಂದು ನಮ್ಮಲ್ಲಿ ಕೇಳುವವರೇ ಇರಲಿಲ್ಲ.

ಊರಲ್ಲಿ ನಸುಕಿಗೆ ಎದ್ದರೆ ಓಣಿ ತುಂಬ ರೊಟ್ಟಿ ಬಡಿಯುವ ಸದ್ದು. ಇಲ್ಲಿ ನಾನೊಬ್ಬಳೇ ಬಡಿದರೆ, “ಏನ್ರೀ ಅದು, ಬೆಳಿಗ್ಗೆ ಬೆಳಿಗ್ಗೆ ಪಟಪಟ ಅಂತ? ನಿದ್ದೆ ಮಾಡೋಕಾಗಲ್ಲ ಕಣ್ರೀ” ಎಂದು ಕಮಲಮ್ಮ ಕಿಟಕಿಯಿಂದ ಕೂಗುತ್ತಿದ್ದರು. ಯಜಮಾನರು ರಾಜಾಜಿನಗರದ ಕಾರ್ಖಾನೆಗೆ ಹೋದರೆ ಸಂಜೆಯವರೆಗೆ ನನ್ನ ಮಾತು ಕೇಳಲು ಗೋಡೆಗಳಷ್ಟೇ. ಎಷ್ಟೋ ದಿನ ಅತ್ತಿದ್ದೇನೆ, ಅದರಲ್ಲಿ ಮುಚ್ಚಿಡುವುದೇನಿದೆ.

ಆ ಒಂಟಿತನದಲ್ಲೇ ಬಂದ ಬುದ್ಧಿ ಅದು. ಅಣ್ಣನ ಮಗ ಬಸು ಹುಟ್ಟಿದಾಗ ಸೋದರತ್ತೆಯಾಗಿ ಅವನ ಕಿವಿಯಲ್ಲಿ ಹೆಸರು ಹೇಳಿದವಳು ನಾನು. ಅವನ ಹುಟ್ಟಿದ ತಾರೀಖು ಕಳಿಸು ಎಂದು ಅಣ್ಣನಿಗೆ ಕಾಗದ ಬರೆದೆ. ಜೂನ್ ಒಂದು ಎಂದು ಉತ್ತರ ಬಂತು. ನೆರೆಹೊರೆಯವರ ಸೀರೆಗಳಿಗೆ ಫಾಲ್ಸ್ ಹೊಲಿದ ದುಡ್ಡಿನಲ್ಲಿ ಪ್ರತಿ ವರ್ಷ ಆ ದಿನಕ್ಕೆ ಮುಟ್ಟುವಂತೆ ಮನಿಯಾರ್ಡರ್ ಮಾಡಿದೆ. ಫಾರ್ಮಿನ ಕೆಳಗಿನ ಚೂರು ಜಾಗದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಆಶೀರ್ವಾದ ತುಂಬುತ್ತಿದ್ದೆ. ದುಡ್ಡು ಮುಟ್ಟಿತೆಂದು ಅಣ್ಣ ತಪ್ಪದೆ ಕಾರ್ಡು ಹಾಕುತ್ತಿದ್ದ.

“ಇದನ್ನ ಎಂದ ನಿಲ್ಲಸಾಕಿ? ಅಂವಗ ಮೀಸಿ ಬಂದಾವಂತ” ಎಂದು ಯಜಮಾನರು ವರ್ಷವರ್ಷ ಕೇಳುತ್ತಿದ್ದರು. ಹದಿನೆಂಟು ತುಂಬಿದ ಮೇಲೆ ಎನ್ನುತ್ತಿದ್ದೆ. ಒಳಗೊಳಗೇ ಹೆದರಿಕೆ ಬೇರೆ. ದುಡ್ಡು ನಿಂತರೆ ಆ ಮನೆಗೆ ನಾನು ಯಾರು?

ಹದಿನೆಂಟು ತುಂಬುವ ಆ ಜೂನಿನಲ್ಲಿ ಬಸು ತಾನೇ ಬಂದ. ಕೆಂಗೇರಿ ಕಡೆ ಯಾವುದೋ ಕೆಲಸ ವಿಚಾರಿಸಬೇಕಿತ್ತು. ಸರಿಯಾಗಿ ಒಂದನೇ ತಾರೀಖು! ಹಿಗ್ಗಿ ಹೀರೇಕಾಯಿಯಾದೆ. ಪಾಯಸ ಮಾಡಿ, ಆರತಿ ಎತ್ತಿ, ಕವರು ಕೈಗಿಟ್ಟು, “ಇದ ಕಡೀದು ನೋಡಪಾ, ಇನ್ನ ನೀ ದೊಡ್ಡಾಂವ ಆದಿ” ಎಂದೆ.

ಅವನು ಕವರು ಹಿಡಿದು ತಲೆ ತಗ್ಗಿಸಿದ. “ಅತ್ತಿ, ನಾ ಇವತ್ತ ಹುಟ್ಟಿದಾಂವ ಅಲ್ಲ. ಅದು ಸಾಲಿ ಮಾಸ್ತರ ಬರಕೊಂಡಿದ್ದು. ನಾ ಸೀಗಿ ಹುಣ್ಣಿಮಿ ದಿನ ಹುಟ್ಟಿದಾಂವ. ನೀನೂ ಅಲ್ಲೇ ಇದ್ದಿ ಅಂತಾಳ ಅವ್ವ.”

ಇದ್ದೆ. ದಸರೆ ಮುಗಿದ ಮೇಲಿನ ಹುಣ್ಣಿಮೆ ಅದು; ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿ ಉಂಡು ಬಂದಿದ್ದೆವು, ಸಂಜೆ ಅತ್ತಿಗೆಗೆ ಬೇನೆ ಎದ್ದಿತ್ತು. ಸೂಲಗಿತ್ತಿಯನ್ನು ಕರೆಯಲು ಓಡಿದವಳೇ ನಾನು. ನನ್ನ ಸರ್ಟಿಫಿಕೇಟಿನಲ್ಲೂ ಅದೇ ಜೂನ್ ಒಂದು ಇದೆ. ಮಾಸ್ತರರು ಇಡೀ ಊರನ್ನೇ ಆ ದಿನ ಹುಟ್ಟಿಸಿದ್ದರು. ಆದರೂ ಹೊಳೆಯಲಿಲ್ಲ.

“ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲೋ?”

“ನಿನ್ನ ರೊಕ್ಕ ಬಂದ್ರ ಮನ್ಯಾಗ ನಗತಿದ್ರು. ಬೆಂಗಳೂರಾಕಿ ಹಬ್ಬ ಬಂತು ಅಂತ.”

ಬೆಂಗಳೂರಾಕಿ! ಈ ಬೀದಿಯಲ್ಲಿ ನಾನಿನ್ನೂ ಹುಬ್ಬಳ್ಳಿ ಆಂಟಿ, ಹುಬ್ಬಳ್ಳಿ ನನ್ನ ಊರಲ್ಲದಿದ್ದರೂ. ಅವರ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಬಸು ಕವರು ಕಿಸೆಗಿಟ್ಟು ಕಾಲಿಗೆ ಬಿದ್ದು ಹೋದ. ಕೆಲಸವೂ ಸಿಗದೆ ಊರಿಗೆ ಮರಳಿದನಂತೆ. ಮುಂದಿನ ಜೂನಿಗೆ ನಾನು ಅಂಚೆ ಕಚೇರಿಗೆ ಹೋಗಲಿಲ್ಲ. ಏಕೆ ನಿಲ್ಲಿಸಿದೆ ಎಂದು ಊರಲ್ಲಿ ಯಾರೂ ಕೇಳಲೂ ಇಲ್ಲ.

ಮೊನ್ನೆ ಸೀಗಿ ಹುಣ್ಣಿಮೆಗೆ ಹೋಳಿಗೆ ಮಾಡಿ ಕಮಲಮ್ಮನವರಿಗೆ ಕೊಟ್ಟೆ.

“ಏನ್ರೀ ವಿಶೇಷ?”

“ನಮ್ಮ ಸೋದರಳಿಯ ಹುಟ್ಟಿದ ದಿನ.”

“ಹೌದಾ! ಪಾಪ, ಅವನಿಗೆ ಗೊತ್ತೇನ್ರೀ, ನೀವಿಲ್ಲಿ ಹೋಳಿಗೆ ಮಾಡಿದೀರ ಅಂತ?”

ದುಡ್ಡು ನಿಂತ ಜೂನಿನಿಂದ ಊರಿನ ಒಂದು ಕಾರ್ಡೂ ಬಂದಿಲ್ಲ.

“ಇಲ್ಲ” ಎಂದೆ. “ಬಿಸಿ ಇದ್ದಾಗಲೇ ತಿನ್ನಿ.”