ಪಪ್ಪಾಯಿ ಐಸೂ ಅತ್ತೆಯ ಕಾನೂನೂ

ನಮ್ಮ ಮನೆಯಲ್ಲಿ ಫ್ರಿಜ್ ಇತ್ತು, ಆದರೆ ಅದರ ಮೇಲಿನ ಖಾನೆಗೆ ಕೆಲಸವೇ ಇರಲಿಲ್ಲ. ಹಾಲು, ಮೊಸರು, ದೋಸೆ ಹಿಟ್ಟು, ಕರಿಬೇವು ಎಲ್ಲವೂ ಕೆಳಗೆ. ಮೇಲಿನ ಫ್ರೀಜರ್‌ನಲ್ಲಿ ಹಿಮ ಸುಮ್ಮನೆ ಬೆಳೆಯುತ್ತಿತ್ತು, ನಾನು ಆಗಾಗ ಅದನ್ನು ಕರಗಿಸಿ ಒರೆಸಿ ಬಾಗಿಲು ಮುಚ್ಚುತ್ತಿದ್ದೆ. ರಾಯದುರ್ಗದ ಬೇಸಿಗೆ ಗೊತ್ತಿದ್ದವರಿಗೆ ಗೊತ್ತು. ಕೋಟೆ ಬೆಟ್ಟದ ಬಂಡೆಗಳು ಹಗಲೆಲ್ಲ ಕಾದು, ಹೊತ್ತು ಮುಳುಗಿದ ಮೇಲೂ ಊರಿನ ಮೇಲೆ ಕಾವು ಬಿಡುತ್ತಿರುತ್ತವೆ. ಅಂಥ ಊರಿನಲ್ಲಿ, ಅಂಥ ದಿನಗಳಲ್ಲಿ, ನಮ್ಮ ಮನೆಯವರು ಯಾರೂ ಒಂದು ಚೂರು ಐಸನ್ನೂ ಬಾಯಿಗೆ ಹಾಕಬಾರದು ಎಂಬುದು ನನ್ನ ಅತ್ತೆಯ ಕಾನೂನು. ಕುಡಿಯಲು ಮಡಕೆಯ ನೀರಿತ್ತು. ಅದನ್ನೂ ಬಿಸಿಲಿನಿಂದ ಬಂದ ಕೂಡಲೇ ಕುಡಿಯುವಂತಿಲ್ಲ. ಕೂತು, ಬೆವರು ಆರಿಸಿಕೊಂಡು, ಆಮೇಲೆ.

ಮಧ್ಯಾಹ್ನ ಐಸ್ ಬಂಡಿಯವನು ಗಂಟೆ ಬಾರಿಸುತ್ತಾ ನಮ್ಮ ಓಣಿಗೆ ತಿರುಗಿದರೆ ಸಾಕು, ಅತ್ತೆ ಟಿವಿಯ ಸದ್ದು ಜೋರು ಮಾಡುತ್ತಿದ್ದರು. ನನ್ನ ಮಗಳಿಗೆ ಆ ಗಂಟೆ ಕೇಳಿಸದಿರಲಿ ಎಂದು. ಅವಳಿಗೇನು ಕಿವುಡೇ? ಕೇಳಿಸುತ್ತಿತ್ತು. ಕಿಟಕಿಯತ್ತ ನೋಡಿ, ಅಜ್ಜಿಯತ್ತ ನೋಡಿ, ತೆಪ್ಪಗೆ ಕೂರುತ್ತಿದ್ದಳು. ಆಗ ಅತ್ತೆ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಹೇಳುತ್ತಿದ್ದರು: "ಐಸ್ ತಿಂದ್ರ ಗಂಟ್ಲು ಮುಚ್ಕೆಂತೈತಿ. ಧ್ವನಿ ಹೋಗ್ತೈತಿ. ಆಮ್ಯಾಲ ಅಜ್ಜಿ ಅಂತ ಕರಿಯಾಕೂ ಬರಲ್ಲ ನೋಡು ನಿನಗ."

ನಾನು ಮಡಕಶಿರಾ ಕಡೆಯವಳು. ನಮ್ಮಲ್ಲಿ ಇಂಥ ಕಟ್ಟುಪಾಡು ಇಲ್ಲ. ನಮ್ಮ ರೇಷ್ಮೆ ತೋಟದ ಬದುವಿನಲ್ಲಿ ಸೊಪ್ಪು ಕೊಯ್ಯದೆ ಬಿಟ್ಟ ಹಿಪ್ಪುನೇರಳೆ ಮರಗಳಿವೆ. ಅವುಗಳ ಹಣ್ಣಿಗೆ ನಾವು ಕಂಬಳಿ ಹಣ್ಣು ಎನ್ನುತ್ತೇವೆ. ಬೇಸಿಗೆಯಲ್ಲಿ ಅವನ್ನು ಆರಿಸಿ ತಂದು, ಬೆಲ್ಲ ಹಾಕಿ ಕಿವುಚಿ, ಸ್ಟೀಲ್ ಲೋಟಗಳಿಗೆ ತುಂಬಿ, ಒಂದೊಂದಕ್ಕೆ ಒಂದೊಂದು ಚಮಚ ಚುಚ್ಚಿ ಫ್ರೀಜರ್‌ನಲ್ಲಿಟ್ಟರೆ ಮನೆಮಂದಿಗೆಲ್ಲ ಐಸ್ ಆಯಿತು. ರಜೆಗೆ ತವರಿಗೆ ಹೋದಾಗ ನನ್ನ ಮಗಳು ಬಾಯಿ, ಗದ್ದ, ಲಂಗ ಎಲ್ಲ ನೇರಳೆ ಬಣ್ಣ ಮಾಡಿಕೊಂಡು ಅದನ್ನು ಚೀಪುತ್ತಿದ್ದಳು. ತಿರುಗಿ ಬಂದ ದಿನ ಅತ್ತೆ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, "ನಾಲಿಗಿ ತೋರ್ಸು," ಎನ್ನುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ. ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು. ಆದರೆ ಅವರ ಭಯಕ್ಕೆ ಕಾರಣವಿತ್ತು. ನನ್ನ ಗಂಡ ಚಿಕ್ಕವರಿದ್ದಾಗ ಪ್ರತಿ ಬೇಸಿಗೆಯಲ್ಲೂ ಗಂಟಲು ಬಾತು ಜ್ವರದಲ್ಲಿ ಮಲಗುತ್ತಿದ್ದರಂತೆ. ಬಟ್ಟೆಯಲ್ಲಿ ಬಿಸಿ ಉಪ್ಪು ಕಟ್ಟಿ ಶಾಖ ಕೊಡುತ್ತಾ ಕೂತದ್ದು ಅತ್ತೆಯೇ.

ಅದೇ ಗಂಟಲು ಮಗಳಿಗೂ ಬಂದಿತ್ತು. ಅವಳಿಗೆ ಏಳು ತುಂಬುವ ಹೊತ್ತಿಗೆ ಟಾನ್ಸಿಲ್ ಎಷ್ಟು ಸಲ ಬಾತುಕೊಂಡಿತ್ತೆಂದರೆ ಬಳ್ಳಾರಿಯ ಡಾಕ್ಟರು, ತೆಗೆಸಿಬಿಡುವುದೇ ಒಳ್ಳೆಯದು ಎಂದರು. ಬೇಸಿಗೆ ರಜೆಗೆ ಎಂದು ಗೊತ್ತು ಮಾಡಿಕೊಂಡೆವು. ಹೊರಡುವ ದಿನ ಅತ್ತೆ ಮಗುವಿನ ತಲೆ ಬಾಚುತ್ತಾ, "ನಾ ಹೇಳಿದ್ದು ಹಂಗೇ ಆತು ನೋಡು. ಐಸ್ ಬ್ಯಾಡ ಅಂದ್ರ ಕೇಳಿದ್ರೇನು?" ಎಂದರು. ಆ ಮಾತು ನನ್ನ ತವರಿಗೆ ಹೇಳಿದ್ದು. ನಾನು ಕೇಳಿಸದವಳಂತೆ ಚೀಲಕ್ಕೆ ಬಟ್ಟೆ ತುಂಬಿದೆ.

ಆಪರೇಷನ್ ಸುಸೂತ್ರವಾಗಿ ಆಯಿತು. ಮನೆಗೆ ಕಳಿಸುವ ಮುಂಚೆ ಡಾಕ್ಟರು ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೇಳಿದರು: "ಬಿಸಿ ಏನೂ ಬೇಡ. ಐಸ್‌ಕ್ರೀಮ್ ಕೊಡಿ, ಐಸ್ ಕೊಡಿ. ತಣ್ಣಗಿದ್ದಷ್ಟೂ ನೋವು ಕಮ್ಮಿ. ಹುಳಿ ಬೇಡ, ಗಟ್ಟಿ ಬೇಡ. ಕೆಂಪು ಬಣ್ಣದ್ದೂ ಬೇಡ, ಉಗುಳಿನಲ್ಲಿ ಕೆಂಪು ಕಂಡರೆ ಹಣ್ಣೋ ರಕ್ತವೋ ಗೊತ್ತಾಗೋದಿಲ್ಲ. ಒಟ್ಟಿನಲ್ಲಿ ಮಗು ನುಂಗುತ್ತಾ ಇರಬೇಕು."

ಅತ್ತೆ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ಕೊಯ್ದ ಗಾಯದ ಮ್ಯಾಲೆ ಐಸೇನ್ರಿ, ಡಾಕ್ಟ್ರೇ?"

"ಹೌದಮ್ಮ. ಅದೇ ಔಷಧಿ."

ಊರು ಮುಟ್ಟುವವರೆಗೂ ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಇಷ್ಟು ವರ್ಷ ಕಟ್ಟಿ ನಿಲ್ಲಿಸಿದ್ದ ಕಾನೂನನ್ನು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಒಂದು ಮಾತಿನಲ್ಲಿ ಕೆಡವಿದ್ದನ್ನು ಅವರು ಅರಗಿಸಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ. ಮಗು ಅವರ ತೊಡೆಯ ಮೇಲೆ ಮಲಗಿತ್ತು.

ಮನೆಗೆ ಬಂದ ಮೇಲೆ ಕಷ್ಟ ಶುರುವಾಯಿತು. ಮಗಳು ಏನನ್ನೂ ನುಂಗಲೊಲ್ಲಳು. ಉಗುಳನ್ನೂ ನುಂಗದೆ, ಕತ್ತಿನ ಕೆಳಗೆ ಒಂದು ಟವೆಲ್ ಹಿಡಿದುಕೊಂಡು ಅದರೊಳಗೇ ಬಿಡುತ್ತಿದ್ದಳು. ಆರಿಸಿದ ಗಂಜಿ ಕೊಟ್ಟೆ, ತಲೆ ಆಡಿಸಿದಳು. ನನ್ನ ಗಂಡ ಜೀನ್ಸ್ ಹೊಲಿಯುವ ಯೂನಿಟ್ಟಿನಿಂದ ಮಧ್ಯಾಹ್ನವೇ ಬಂದರು, ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ವೆನಿಲಾ ಕಪ್ ತಂದಿದ್ದರು. ಅದನ್ನು ಕಂಡದ್ದೇ ತಡ, ತುಟಿ ಬಿಗಿದುಕೊಂಡು ಗೋಡೆಯ ಕಡೆ ತಿರುಗಿದಳು. ಫೋನ್ ಮಾಡಿದರೆ ಡಾಕ್ಟರು, "ನುಂಗದಿದ್ದರೆ ಗಂಟಲು ಒಣಗಿ ರಕ್ತ ಬರಬಹುದು. ನಾಳೆ ಬೆಳಗ್ಗೆಯೊಳಗೆ ಏನೂ ಇಳಿಯದಿದ್ದರೆ ಕರೆದುಕೊಂಡು ಬನ್ನಿ, ಡ್ರಿಪ್ ಹಾಕೋಣ," ಎಂದರು. ಮೊದಲ ಸೂಜಿಗೇ ಅವಳು ಹೇಗೆ ನಡುಗಿದ್ದಳು ಎಂದು ನಾನು ಕಣ್ಣಾರೆ ಕಂಡಿದ್ದೆ.

ಅಂಗಡಿಯದು ಬೇಡವಾದರೆ ನನ್ನ ತವರಿನ ರೀತಿಯದನ್ನೇ ಮಾಡೋಣ ಎನಿಸಿತು. ಯಾವ ಹಣ್ಣು? ಕಂಬಳಿ ಹಣ್ಣು, ಕಲ್ಲಂಗಡಿ ಎರಡರ ರಸವೂ ಉಗುಳಿನಲ್ಲಿ ರಕ್ತದ ಹಾಗೆ ಕಾಣುತ್ತದೆ. ಮಾವು, ಮೋಸಂಬಿ ಹುಳಿ. ಸಪೋಟದಲ್ಲಿ ರವೆರವೆ ಇರುತ್ತದೆ, ಗಾಯಕ್ಕೆ ಉಜ್ಜುತ್ತದೆ. ಬಾಳೆಹಣ್ಣು ತಗೊಳ್ಳಲೇ ಎಂದೆ.

"ಬಾಳಿಹಣ್ಣು ಶೀತ," ಎಂದರು ಅತ್ತೆ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಆಮೇಲೆ ತಾವೇ, "ಪಪ್ಪಾಯಿ ಐತಲ್ಲ. ಅದು ಉಷ್ಣ. ಐಸ್ ತಂಪು. ಎರಡೂ ಕೂಡಿದ್ರ ಸಮ ಆಗ್ತೈತಿ. ಅದ್ನ ಮಾಡವ್ವ," ಎಂದರು.

ಅಷ್ಟು ಆತಂಕದಲ್ಲೂ ನನಗೆ ನಗು ಬಂತು. ಕಾನೂನು ಮುರಿಯದೆ ಅದರೊಳಗೇ ಒಂದು ಕಿಂಡಿ ಮಾಡಿಕೊಂಡಿದ್ದರು. "ಆಯ್ತು ಅತ್ತೆ, ಅದೇ ಮಾಡ್ತೀನಿ," ಎಂದೆ.

ಚೆನ್ನಾಗಿ ಮಾಗಿದ, ಮುಟ್ಟಿದರೆ ಬೆರಳು ಇಳಿಯುವ ಹಣ್ಣು ಸಿಕ್ಕಿತು. ಸಿಪ್ಪೆಯ ಜೊತೆ ಅದರ ಕೆಳಗಿನ ಬಿಳಿಯ ಪದರವನ್ನೂ ದಪ್ಪಗೆ ತೆಗೆದೆ, ಇಲ್ಲದಿದ್ದರೆ ಕಹಿ. ತಿರುಳನ್ನು ಜರಡಿಯ ಮೇಲೆ ಚಮಚದಿಂದ ಒತ್ತಿ ಒತ್ತಿ ಸೋಸಿದೆ. ಎಳನೀರು, ಒಂದಿಷ್ಟು ಜೇನು. ಸಕ್ಕರೆ ಹಾಕಲಿಲ್ಲ. ಪಾತ್ರೆಯಲ್ಲಿ ಫ್ರೀಜರ್‌ಗೆ ಇಟ್ಟು, ಅರ್ಧ ಗಟ್ಟಿಯಾದಾಗ ಹೊರತೆಗೆದು ಚಮಚದಿಂದ ಕೆದಕಲು ಕೂತೆ. ಹಾಗೆ ಮಾಡದಿದ್ದರೆ ಐಸ್ ಸೂಜಿಸೂಜಿಯಾಗಿ ಕಟ್ಟುತ್ತದೆ. ಅತ್ತೆ ನೋಡುತ್ತಾ ನಿಂತವರು, "ಸರಿ ಆಕಡಿ," ಎಂದು ಪಾತ್ರೆ ಕಿತ್ತುಕೊಂಡರು. ಮಜ್ಜಿಗೆಯ ಕಡಗೋಲು ತಂದು, ಎರಡು ಅಂಗೈಗಳ ನಡುವೆ ಇಟ್ಟು, ಆ ಪಪ್ಪಾಯಿಯನ್ನು ಮೊಸರು ಕಡೆದಂತೆ ಕಡೆದರು. "ಒಂದು ಮುಳ್ಳೂ ಇರಬಾರ್ದು. ಕೂಸಿಗೆ ಚುಚ್ತೈತಿ." ಬೆಣ್ಣೆಯ ಹಾಗೆ ನುಣ್ಣಗಾಯಿತು. ಲೋಟಗಳಿಗೆ ತುಂಬಿ ಮತ್ತೆ ಒಳಗಿಟ್ಟೆವು. ಅಷ್ಟರಲ್ಲಿ ಕರೆಂಟ್ ಹೋಯಿತು. ಅದು ಬರುವವರೆಗೂ ಅತ್ತೆ ಫ್ರಿಜ್ಜಿಗೆ ಬೆನ್ನು ಕೊಟ್ಟು ಕಾವಲು ಕೂತರು, ಬಾಗಿಲು ಯಾರೂ ತೆಗೆಯದಿರಲಿ ಎಂದು. ಮೇಲಿನ ಖಾನೆಗೆ ಇಂಥ ಮರ್ಯಾದೆ ಅದೇ ಮೊದಲು.

ರಾತ್ರಿಯ ಹೊತ್ತಿಗೆ ಲೋಟವನ್ನು ನೀರಿನಲ್ಲಿ ಒಂದು ಗಳಿಗೆ ಅದ್ದಿ, ಅಂಚು ಬಿಟ್ಟುಕೊಂಡ ಮೇಲೆ, ಮಗಳ ಹತ್ತಿರ ತಂದೆ. ಕೇಸರಿ ಬಣ್ಣ, ಒಳ್ಳೆಯ ವಾಸನೆ. ಫ್ಯಾನ್ ಕೆಳಗೆ ಚಾಪೆಯ ಮೇಲೆ ಮಲಗಿದ್ದವಳು ಎದ್ದು ಕೂತಳು. ಅವಳ ಕಣ್ಣಿನಲ್ಲಿ ಆಸೆ ಕಂಡಿತು. ಚಮಚ ಬಾಯಿಯ ಹತ್ತಿರ ಹೋದ ಕೂಡಲೇ ಎರಡೂ ಕೈಗಳಿಂದ ಕತ್ತು ಹಿಡಿದುಕೊಂಡಳು.

"ಯಾಕಮ್ಮ? ನೋವಾ?"

ನನ್ನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಪಿಸುಗುಟ್ಟಿದಳು. ಮೂಗಿನಲ್ಲಿ ಬರುವ, ಅರ್ಧ ಗಾಳಿಯೇ ಆದ ಧ್ವನಿ. "ಐಸ್ ತಿಂದಿದ್ದಕ್ಕೇ ಹಿಂಗಾಗಿದ್ದು. ಧ್ವನಿ ಹೋತು. ಅಜ್ಜಿ ಹೇಳಿದ್ಲು."

ಆಗ ನನಗೆ ಎಲ್ಲ ತಿಳಿಯಿತು. ನೋವಿನದಷ್ಟೇ ಆಗಿದ್ದರೆ ಹೇಗೋ ಪುಸಲಾಯಿಸಬಹುದಿತ್ತು. ಇವಳು ಅಜ್ಜಿ ಹೇಳಿದ್ದು ನಿಜವಾಯಿತು ಎಂದು ನಂಬಿ ಕೂತಿದ್ದಾಳೆ, ಇನ್ನೊಂದು ಚೂರು ತಿಂದರೆ ಉಳಿದದ್ದೂ ಮುಚ್ಚಿಹೋಗುತ್ತದೆ ಎಂದು ಹೆದರಿದ್ದಾಳೆ. ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಕಡೆ ತಿರುಗಿ, "ನೀವೇ ಹೇಳಿ ಅತ್ತೆ. ಅವಳಿಗೆ ನಾವ್ಯಾರೂ ಲೆಕ್ಕಕ್ಕಿಲ್ಲ, ಡಾಕ್ಟ್ರೂ ಇಲ್ಲ. ನಿಮ್ಮ ಮಾತೊಂದೇ," ಎಂದೆ. ಅಷ್ಟು ಜೋರಾಗಿ ಅವರ ಮುಂದೆ ನಾನು ಯಾವತ್ತೂ ಮಾತಾಡಿರಲಿಲ್ಲ.

ಅತ್ತೆಯ ಮುಖ ಸಣ್ಣದಾಯಿತು. ಬಂದು ಚಾಪೆಯ ಮೇಲೆ ಕೂತು, "ತಿನ್ನವ್ವ ಬಂಗಾರ. ಏನಾಗಲ್ಲ," ಎಂದರು. ಮಗು ತಲೆ ಆಡಿಸಿತು. "ಅಜ್ಜಿ ಸುಳ್ಳು ಹೇಳಿದ್ಲು. ಸುಮ್ಮ ಹೆದರ್ಸಾಕ ಹೇಳಿದ್ಲು." ಅದಕ್ಕೂ ತಲೆ ಆಡಿಸಿತು. ಅಜ್ಜಿ ಸುಳ್ಳು ಹೇಳುವುದುಂಟೇ? ಅದು ಅವಳ ಲೋಕದಲ್ಲಿ ಇರಲೇ ಇಲ್ಲ.

ಅತ್ತೆ ಲೋಟವನ್ನು ತಮ್ಮ ಕಡೆ ಎಳೆದುಕೊಂಡರು. ಅವರ ಮುಂದಿನ ಹಲ್ಲುಗಳು ಸಡಿಲ, ಮಡಕೆಯ ನೀರಿಗೇ ಜುಮ್ಮೆನ್ನುತ್ತವೆ. ಹುಟ್ಟಿದಾಗಿನಿಂದ ಐಸ್ ಬಾಯಿಗೆ ಹಾಕಿದವರಲ್ಲ. ನನ್ನ ಕೈಯಿಂದ ಚಮಚ ತಗೊಂಡು, ತುಂಬ ತುಂಬಿಕೊಂಡು, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ಮುಖವೆಲ್ಲ ಕಿವುಚಿಕೊಂಡಿತು. ಹೆಗಲು ಕಿವಿಯವರೆಗೆ ಏರಿತು. ಹಾಗೇ ನುಂಗಿದರು.

"ನೋಡು," ಎಂದು ಬಾಯಿ ತೆರೆದು ತೋರಿಸಿದರು. ಇನ್ನೊಂದು ಚಮಚ ತುಂಬಿಕೊಂಡರು.

ಮಗಳು ಗಾಬರಿಯಿಂದ ಅವರನ್ನೇ ನೋಡುತ್ತಿದ್ದಳು. ಎರಡನೆಯದು ಅಜ್ಜಿಯ ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಟವೆಲ್ ಬಿಸಾಡಿ ಅವರ ಮಣಿಕಟ್ಟು ಹಿಡಿದುಕೊಂಡಳು. ಒಡೆದ ಧ್ವನಿಯಲ್ಲಿ, ಆಪರೇಷನ್ ಆದ ಮೇಲೆ ಮೊದಲ ಸಲ ನಮಗೆಲ್ಲ ಕೇಳುವಂತೆ ಕೂಗಿದಳು: "ಅಜ್ಜಿ ಬ್ಯಾಡ! ನಿನ್ನ ಗಂಟ್ಲೂ ಮುಚ್ಕೆಂತೈತಿ! ಕೊಡು, ನಾ ತಿಂತೀನಿ."

ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು, ನುಂಗಿದಳು. ಮತ್ತೆ ತುಂಬಿಕೊಂಡಳು. ನಡುವೆ ನಿಂತರೆ ಅತ್ತೆ ಸುಮ್ಮನೆ ಲೋಟದ ಕಡೆ ಕೈ ಚಾಚುತ್ತಿದ್ದರು, ಅವಳು ಲೋಟವನ್ನು ಎದೆಗೆ ಅವಚಿಕೊಂಡು ಬೇಗಬೇಗ ಇನ್ನೊಂದು ಚಮಚ ತಿನ್ನುತ್ತಿದ್ದಳು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ಅವರ ಬೆರಳುಗಳು ತಣ್ಣಗಿದ್ದವು.

"ನನ್ನ ಉಳಿಸಾಕ ತಿನ್ನಾಕತ್ತೈತಿ ನೋಡವ್ವ, ಕೂಸು," ಎಂದರು. ಮುಂದೆ ಏನೋ ಹೇಳಹೋದರು, ಅವರ ಗಂಟಲಿನಿಂದ ಮಾತೇ ಹೊರಡಲಿಲ್ಲ.